ಯಾವುದರ ಮೇಲೆ, ಎಷ್ಟು ದಿನಕ್ಕೆ?

ಗದಗ ಜಿಲ್ಲೆಯ ನರಗುಂದದ ಒಂದು ಬ್ಯಾಂಕಿನಲ್ಲಿ ಬಂಗಾರದ ಸಾಲಕ್ಕೆ ಶೇ 9 ಬಡ್ಡಿ ಎಂದು ಫಲಕ ಹಾಕಿದ್ದಾರೆ ಎಂದುಕೊಳ್ಳಿ. ಅದೇ ಊರಿನ ಓಣಿಯಲ್ಲಿ ಕೈಗಡ ಕೊಡುವವರು ‘ಮೂರು ರೂಪಾಯಿ ಬಡ್ಡಿ’ ಎನ್ನುತ್ತಾರೆ. ಒಂಬತ್ತಕ್ಕಿಂತ ಮೂರು ಚಿಕ್ಕದು. ಆದರೂ ಮೂರೇ ಅಗ್ಗವೆಂದು ಯಾರೂ ಮೋಸಹೋಗುವುದಿಲ್ಲ. ಮೂರು ರೂಪಾಯಿ ಎಂದರೆ ನೂರಕ್ಕೆ ತಿಂಗಳಿಗೆ ಮೂರು, ಅಂದರೆ ವರ್ಷಕ್ಕೆ ಮೂವತ್ತಾರು ಎಂಬುದು ರೋಣ, ನರಗುಂದ, ಗಜೇಂದ್ರಗಡದ ಕಡೆ ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತು. ವಿಚಿತ್ರವೆಂದರೆ ಇಷ್ಟು ಚುರುಕಾಗಿ ಬಡ್ಡಿ ಲೆಕ್ಕ ಹಾಕುವ ಅದೇ ಮನೆಯವರು ಬೈಕಿನ ಸಾಲ, ಬೆಳೆ ವಿಮೆ, ಬೆಂಬಲ ಬೆಲೆ, ಬಂಗಾರದ ಬಿಲ್ಲು ಬಂದಾಗ ತಬ್ಬಿಬ್ಬಾಗುತ್ತಾರೆ. ಅಲ್ಲಿ ಬಳಕೆಯಾಗುವುದೂ ಅದೇ ಶೇಕಡಾ ಲೆಕ್ಕವೇ. ಆದರೆ ಲೆಕ್ಕದ ಒಂದು ಭಾಗವನ್ನು ಮಾತ್ರ ಬಾಯಿಬಿಟ್ಟು ಹೇಳಿರುತ್ತಾರೆ, ಉಳಿದದ್ದು ಒಳಗೇ ಇರುತ್ತದೆ.

ಶೇಕಡಾ ಎಂಬುದು ತಾನಾಗಿ ಒಂದು ಮೊತ್ತವಲ್ಲ. ಅದು ಒಂದು ಮೊತ್ತಕ್ಕೂ ಇನ್ನೊಂದು ಮೊತ್ತಕ್ಕೂ ಇರುವ ಸಂಬಂಧ. ‘ಶೇ 10’ ಎಂದು ಯಾರಾದರೂ ಹೇಳಿದಾಗ ಅದು ರೂಪಾಯಿಯಾಗಿ ಕೈಗೆ ಬರಬೇಕಾದರೆ ಎರಡು ಸಂಗತಿ ತಿಳಿದಿರಬೇಕು: ಯಾವ ಮೊತ್ತವನ್ನು ನೂರು ಎಂದು ಹಿಡಿದಿದ್ದಾರೆ, ಎಷ್ಟು ಕಾಲಕ್ಕೆ ಹಿಡಿದಿದ್ದಾರೆ. ಮೊದಲನೆಯದನ್ನು ಲೆಕ್ಕದ ಬುನಾದಿ ಎನ್ನೋಣ, ಎರಡನೆಯದನ್ನು ಅವಧಿ ಎನ್ನೋಣ. ಇವೆರಡೂ ಗೊತ್ತಿದ್ದರೆ ಮಿಕ್ಕಿದ್ದು ಏಳನೆಯ ತರಗತಿಯ ಗುಣಾಕಾರ, ಭಾಗಾಕಾರ ಅಷ್ಟೇ.

ಅವಧಿಯಿಂದಲೇ ಶುರು ಮಾಡೋಣ. ತಿಂಗಳ ಬಡ್ಡಿಯನ್ನು ಹನ್ನೆರಡರಿಂದ ಗುಣಿಸಿದರೆ ವರ್ಷದ ದರ ಸಿಗುತ್ತದೆ. ಎರಡು ರೂಪಾಯಿ ಬಡ್ಡಿ ಎಂದರೆ ಶೇ 24, ಐದು ರೂಪಾಯಿ ಎಂದರೆ ಶೇ 60. ಪರವಾನಗಿ ಪಡೆದ ಲೇವಾದೇವಿಗಾರರಿಗೆ ಕರ್ನಾಟಕ ಸರ್ಕಾರ ನಿಗದಿ ಮಾಡಿರುವ ಗರಿಷ್ಠ ಬಡ್ಡಿ, ಒತ್ತೆ ಇಟ್ಟ ಸಾಲಕ್ಕೆ ವರ್ಷಕ್ಕೆ ಶೇ 14, ಒತ್ತೆ ಇಲ್ಲದ ಸಾಲಕ್ಕೆ ಶೇ 16. ಇದನ್ನು ಊರಿನ ಭಾಷೆಗೆ ತಿರುಗಿಸಿದರೆ ನೂರಕ್ಕೆ ತಿಂಗಳಿಗೆ ಒಂದೂಕಾಲು ರೂಪಾಯಿಯ ಆಸುಪಾಸು. ಒಂದೂವರೆ ರೂಪಾಯಿ ಕೇಳಿದರೂ ಆ ಮಿತಿ ದಾಟಿದಂತೆಯೇ. ಮಹಿಳಾ ಸ್ವಸಹಾಯ ಸಂಘಗಳಲ್ಲೂ ಎರಡು ರೂಪಾಯಿ ಬಡ್ಡಿ ಸಾಮಾನ್ಯ, ಅದೂ ಶೇ 24ರ ದರವೇ. ಆದರೆ ಅಲ್ಲಿ ಕಟ್ಟಿದ ಬಡ್ಡಿ ಸಂಘದ ನಿಧಿಗೆ ಸೇರಿ ಸದಸ್ಯರಲ್ಲೇ ಉಳಿಯುತ್ತದೆ. ದರ ಒಂದೇ ಆದರೂ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಬೇರೆ. ಈ ವ್ಯತ್ಯಾಸ ಅಂಕಿಯಲ್ಲಿ ಕಾಣುವುದಿಲ್ಲ.

ಬಡ್ಡಿಯನ್ನು ಸಕಾಲಕ್ಕೆ ಕಟ್ಟಲಾಗದೆ ಉಳಿದರೆ ಅದು ಅಸಲಿಗೆ ಸೇರಿ ಅದಕ್ಕೂ ಬಡ್ಡಿ ಬೀಳುತ್ತದೆ. ಇದೇ ಚಕ್ರಬಡ್ಡಿ. ಮೂರು ರೂಪಾಯಿ ದರದಲ್ಲಿ 50,000 ರೂಪಾಯಿ ತಂದವರು ವರ್ಷದ ಕೊನೆಗೆ ಬಡ್ಡಿ ಕೊಡದೆ ಕಾಗದ ಬದಲಿಸಿದರೆ ಅಸಲು 68,000 ಆಗುತ್ತದೆ. ಮರುವರ್ಷವೂ ಹಾಗೇ ಆದರೆ 92,480. ಚಕ್ರಬಡ್ಡಿಯಲ್ಲಿ ಸಾಲ ಎಷ್ಟು ಕಾಲಕ್ಕೆ ದುಪ್ಪಟ್ಟಾಗುತ್ತದೆ ಎಂದು ತಿಳಿಯಲು ಒಂದು ಬಾಯಿಲೆಕ್ಕವಿದೆ: 72ನ್ನು ಬಡ್ಡಿ ದರದಿಂದ ಭಾಗಿಸಿ. ಪ್ರತಿ ತಿಂಗಳು ಬಡ್ಡಿ ಅಸಲಿಗೆ ಸೇರುತ್ತಿದ್ದರೆ ಎರಡು ರೂಪಾಯಿ ದರಕ್ಕೆ 36 ತಿಂಗಳು, ಮೂರು ರೂಪಾಯಿಗೆ 24 ತಿಂಗಳು, ಐದು ರೂಪಾಯಿಗೆ ಹದಿನಾಲ್ಕೇ ತಿಂಗಳು. ಇದು ಅಂದಾಜು, ಆದರೆ ಒಳ್ಳೆಯ ಅಂದಾಜು. ನಂಬಿಕೆ ಬಾರದಿದ್ದರೆ ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರದ ಮೇಲೆ ಪರೀಕ್ಷಿಸಿ ನೋಡಬಹುದು. 2023ರ ಏಪ್ರಿಲ್‌ನಲ್ಲಿ ಅದಕ್ಕೆ ನಿಗದಿಯಾದ ಬಡ್ಡಿ ಶೇ 7.5, ಹಣ ದುಪ್ಪಟ್ಟಾಗುವ ಅವಧಿ 115 ತಿಂಗಳು. 72ನ್ನು 7.5ರಿಂದ ಭಾಗಿಸಿದರೆ 9.6 ವರ್ಷ, ಅಂದರೆ 115 ತಿಂಗಳೇ. ನಮ್ಮ ಉಳಿತಾಯ ದುಪ್ಪಟ್ಟಾಗಲು ಒಂಬತ್ತೂವರೆ ವರ್ಷ, ನಮ್ಮ ಕೈಗಡ ದುಪ್ಪಟ್ಟಾಗಲು ಎರಡು ವರ್ಷ. ಸಾಲ ತೀರಿಸುವುದಕ್ಕೆ ಮೊದಲೇ ಠೇವಣಿ ಇಡಲು ಹೊರಟವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಬೇಕು.

ಚಕ್ರಬಡ್ಡಿಯ ಭಯ ಇಲ್ಲಿಗೆ ಹೊಸದಲ್ಲ. ಈ ಭಾಗ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ‘ದಾಮ್ ದುಪ್ಪಟ್’ ಎಂಬ ಹಿಂದೂ ಕಾನೂನಿನ ನಿಯಮವನ್ನು ನ್ಯಾಯಾಲಯಗಳು ಪಾಲಿಸುತ್ತಿದ್ದವು. ಒಂದು ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು ಎಂಬುದು ಅದರ ತಿರುಳು. ಅಷ್ಟರಿಂದಲೇ ಸಾಲದ ಹೊರೆ ಇಳಿಯಲಿಲ್ಲ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಇಂದು ರೋಣದಲ್ಲೋ ನರಗುಂದದಲ್ಲೋ ‘ಸೊಸೈಟಿ ಸಾಲ’ ಎಂದು ಕರೆಯುವ ವ್ಯವಸ್ಥೆಯ ಬೇರು ಇದೇ ಜಿಲ್ಲೆಯಲ್ಲಿದೆ.

ಈಗ ಬುನಾದಿಯ ವಿಷಯ. ಹೆಚ್ಚು ಜನ ಎಡವುವುದು ಇಲ್ಲಿ.

ಬೈಕ್ ಕೊಳ್ಳಲು 90,000 ರೂಪಾಯಿ ಸಾಲ, ಎರಡು ವರ್ಷ, ‘ಶೇ 12 ಫ್ಲ್ಯಾಟ್’ ಎಂದು ಶೋರೂಮಿನಲ್ಲಿ ಹೇಳುತ್ತಾರೆ. ವರ್ಷಕ್ಕೆ 10,800ರಂತೆ ಎರಡು ವರ್ಷಕ್ಕೆ ಬಡ್ಡಿ 21,600. ಅಸಲು ಸೇರಿಸಿ 24 ಕಂತಿಗೆ ಹಂಚಿದರೆ ತಿಂಗಳಿಗೆ 4,650. ಲೆಕ್ಕ ಸ್ಪಷ್ಟವಾಗಿದೆ, ಸುಳ್ಳು ಎಲ್ಲೂ ಇಲ್ಲ. ಆದರೆ ಬಡ್ಡಿ ಹಾಕಿದ್ದು ಯಾವ ಮೊತ್ತದ ಮೇಲೆ ನೋಡಿ. ಎರಡೂ ವರ್ಷ ಪೂರ್ತಿ 90,000 ರೂಪಾಯಿ ನಿಮ್ಮ ಬಳಿಯೇ ಇತ್ತು ಎಂದು ಹಿಡಿದಿದ್ದಾರೆ. ವಾಸ್ತವದಲ್ಲಿ ನೀವು ಮೊದಲ ತಿಂಗಳಿನಿಂದಲೇ ಅಸಲನ್ನು ಹಿಂದಿರುಗಿಸುತ್ತ ಬಂದಿದ್ದೀರಿ. ವರ್ಷ ಕಳೆಯುವ ಹೊತ್ತಿಗೆ ಅರ್ಧದಷ್ಟು ಅಸಲು ಅವರ ಕೈ ಸೇರಿದೆ. ಕೊನೆಯ ಕಂತಿನ ಹಿಂದಿನ ದಿನ ನಿಮ್ಮ ಹತ್ತಿರ ಉಳಿದಿರುವುದು ನಾಲ್ಕು ಸಾವಿರ ಚಿಲ್ಲರೆ. ಆಗಲೂ ಬಡ್ಡಿ ಮಾತ್ರ ತೊಂಬತ್ತು ಸಾವಿರದ ಮೇಲೆಯೇ. ಎರಡು ವರ್ಷದಲ್ಲಿ ಸರಾಸರಿಯಾಗಿ ನೀವು ಬಳಸಿದ್ದು ಸುಮಾರು 47,000 ರೂಪಾಯಿಯನ್ನು. ಆದ್ದರಿಂದ ನಿಜವಾದ ದರ ಹೇಳಿದ ದರಕ್ಕಿಂತ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಕರಾರುವಾಕ್ಕಾಗಿ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಶೇ 21.6.

ಬ್ಯಾಂಕುಗಳು ಬಡ್ಡಿ ಹಾಕುವ ಕ್ರಮ ಬೇರೆ. ಪ್ರತಿ ತಿಂಗಳು ಉಳಿದಿರುವ ಅಸಲಿನ ಮೇಲೆ ಮಾತ್ರ ಬಡ್ಡಿ. ಇದನ್ನು ಇಳಿಕೆ ಬಾಕಿಯ ಪದ್ಧತಿ ಎನ್ನಬಹುದು. ಅದೇ 90,000, ಅದೇ ಎರಡು ವರ್ಷ, ಅದೇ ಶೇ 12 ಆದರೆ ಕಂತು ಸುಮಾರು 4,237, ಒಟ್ಟು ಬಡ್ಡಿ 11,700ರ ಒಳಗೆ. ಎರಡರ ನಡುವಿನ ಅಂತರ ಒಂಬತ್ತು ಸಾವಿರದ ಒಂಬೈನೂರು ರೂಪಾಯಿ. ಒಂದು ಕಡೆ ‘ಶೇ 12 ಫ್ಲ್ಯಾಟ್’, ಇನ್ನೊಂದು ಕಡೆ ‘ಶೇ 16 ಇಳಿಕೆ ಬಾಕಿ’ ಎಂದಿದ್ದರೆ ಎರಡನೆಯದೇ ಅಗ್ಗ. ಎರಡು ಮಾತಿನ ನಡುವೆ ಗೊಂದಲವಾದರೆ ದರವನ್ನು ಕೇಳುವುದನ್ನು ಬಿಟ್ಟು, ಒಂದೇ ಮೊತ್ತಕ್ಕೆ ಒಂದೇ ಅವಧಿಗೆ ತಿಂಗಳ ಕಂತು ಎಷ್ಟು ಎಂದು ಎರಡೂ ಕಡೆ ಕೇಳಬೇಕು. ಕಂತು ಮುಚ್ಚಿಡಲು ಬರುವುದಿಲ್ಲ.

ವಾರದ ಸಾಲದಲ್ಲಿ ಇದೇ ಲೆಕ್ಕ ಇನ್ನೂ ಕಠಿಣವಾಗುತ್ತದೆ. ಹತ್ತು ಸಾವಿರ ಸಾಲ ಕೇಳಿದವರಿಗೆ ಒಂದು ಸಾವಿರ ಬಡ್ಡಿಯನ್ನು ಮೊದಲೇ ಮುರಿದುಕೊಂಡು ಒಂಬತ್ತು ಸಾವಿರ ಕೈಗೆ ಕೊಡುತ್ತಾರೆ. ವಾರಕ್ಕೆ ಸಾವಿರದಂತೆ ಹತ್ತು ವಾರ ಕಟ್ಟಬೇಕು. ಹೇಳುವುದು ‘ಹತ್ತು ಪರ್ಸೆಂಟ್’. ಈಗ ಬುನಾದಿ, ಅವಧಿ ಎರಡನ್ನೂ ಸರಿಪಡಿಸೋಣ. ಮೊದಲ ವಾರ ನಿಮ್ಮ ಬಳಿ ಇರುವುದು 9,000, ಕೊನೆಯ ವಾರ ಸುಮಾರು 1,000, ಸರಾಸರಿ 5,000. ಐದು ಸಾವಿರಕ್ಕೆ ಒಂದು ಸಾವಿರ ಬಡ್ಡಿ ಎಂದರೆ ಶೇ 20, ಅದೂ ಹತ್ತೇ ವಾರಕ್ಕೆ. ವರ್ಷದಲ್ಲಿ 52 ವಾರಗಳಿವೆ. ಹೀಗಾಗಿ ವರ್ಷದ ದರ ಶೇ 100ನ್ನು ದಾಟುತ್ತದೆ. ಸಂತೆಯಲ್ಲಿ ಕಾಯಿಪಲ್ಲೆ ಮಾರುವವರು ಬೆಳಿಗ್ಗೆ ತಂದ ಸಾಲವನ್ನು ಸಂಜೆಯೊಳಗೆ ದುಡಿಸಿ ತೀರಿಸಬಲ್ಲರು, ಅವರ ವ್ಯಾಪಾರಕ್ಕೆ ಇದು ಒಮ್ಮೊಮ್ಮೆ ತಾಳಬಹುದು. ಮಗಳ ಮದುವೆಗೆ ಹೀಗೆ ಸಾಲ ತಂದರೆ ಅದನ್ನು ತೀರಿಸುವ ದುಡಿಮೆ ಎಲ್ಲಿಂದಲೂ ಹುಟ್ಟುವುದಿಲ್ಲ.

ಹಾಗೆಂದು ಕೈಗಡ ಎಂದರೆ ಯಾವಾಗಲೂ ನಷ್ಟ ಎನ್ನಲಾಗದು. ರೈತರು ಬೆಳೆಸಾಲ ನವೀಕರಿಸುವ ಸಮಯವನ್ನೇ ನೋಡಿ. ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲದ ಬಡ್ಡಿ ಶೇ 7. ಗಡುವಿನೊಳಗೆ ತೀರಿಸಿದವರಿಗೆ ಶೇ 3ರಷ್ಟು ಪ್ರೋತ್ಸಾಹಧನ ಸಿಕ್ಕಿ ಅದು ಶೇ 4 ಆಗುತ್ತದೆ. ಒಂದು ಲಕ್ಷ ರೂಪಾಯಿಯ ಸಾಲಕ್ಕೆ ಈ ರಿಯಾಯಿತಿ ವರ್ಷಕ್ಕೆ 3,000 ರೂಪಾಯಿ. ಗಡುವಿನ ಹೊತ್ತಿಗೆ ಕೈಯಲ್ಲಿ ಹಣವಿಲ್ಲದವರು ಮೂರು ರೂಪಾಯಿ ಬಡ್ಡಿಗೆ ಕೈಗಡ ತಂದು ಬ್ಯಾಂಕಿಗೆ ಕಟ್ಟಿ, ಸಾಲ ಮತ್ತೆ ಮಂಜೂರಾದ ಮೇಲೆ ಕೈಗಡ ತೀರಿಸುತ್ತಾರೆ. ಒಂದು ಲಕ್ಷಕ್ಕೆ ಮೂರು ರೂಪಾಯಿಯಂತೆ ತಿಂಗಳಿಗೆ 3,000, ಹತ್ತು ದಿನಕ್ಕೆ 1,000. ಹತ್ತು ದಿನದಲ್ಲಿ ಹೊಸ ಸಾಲ ಕೈಗೆ ಬಂದರೆ ಎರಡು ಸಾವಿರ ಉಳಿಯಿತು. ಒಂದು ತಿಂಗಳಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎರಡು ತಿಂಗಳು ಎಳೆದರೆ ಮೂರು ಸಾವಿರ ಕೈಯಿಂದ ಹೋಯಿತು. ಆದ್ದರಿಂದ ಬ್ಯಾಂಕಿನಲ್ಲಿ ಮೊದಲು ಕೇಳಬೇಕಾದದ್ದು ಬಡ್ಡಿ ದರವನ್ನಲ್ಲ, ‘ಕಟ್ಟಿದ ಮೇಲೆ ಎಷ್ಟು ದಿನಕ್ಕೆ ಮತ್ತೆ ಕೊಡ್ತೀರಿ?’ ಎಂಬುದನ್ನು. ಸಹಕಾರ ಸಂಘಗಳ ಮೂಲಕ ರಾಜ್ಯ ಸರ್ಕಾರ ಕೊಡಿಸುವ ಶೂನ್ಯ ಬಡ್ಡಿಯ ಬೆಳೆಸಾಲಕ್ಕೂ ಗಡುವಿನೊಳಗೆ ತೀರಿಸಬೇಕೆಂಬ ಇದೇ ಷರತ್ತು. ಅದರ ಮಿತಿಯನ್ನು 2023–24ರ ಬಜೆಟ್‌ನಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಲಾಯಿತು. ಗಡುವು ಮೀರಿದ ಸಾಲಕ್ಕೆ ಮಾತ್ರ ಆ ಸೊನ್ನೆ ಅನ್ವಯಿಸುವುದಿಲ್ಲ.

ಶೇಕಡಾ ಎಂದು ಹೇಳದೆ ರೂಪಾಯಿಯಲ್ಲೇ ಹೇಳುವ ಹೊರೆಗಳೂ ಇವೆ. ಅವನ್ನು ನಾವೇ ಶೇಕಡಾಕ್ಕೆ ತಿರುಗಿಸಿಕೊಳ್ಳಬೇಕು. ನರಗುಂದದಲ್ಲಿ ಪ್ರತಿವರ್ಷ ಜುಲೈ 21ರಂದು ರೈತ ಹುತಾತ್ಮರನ್ನು ನೆನೆಯುತ್ತಾರೆ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಬಂಡೆದ್ದದ್ದು ನೀರಿನ ಕರ ಮತ್ತು ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರದ ವಿರುದ್ಧ. ಅವು ಎಕರೆಗೆ ಇಂತಿಷ್ಟು ಎಂಬ ಲೆಕ್ಕದ ಕರಗಳು. ಅಂಥ ಕರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು ಒಂದು ಕಾಲ್ಪನಿಕ ಅಂಕಿ ಸಾಕು. ಎಕರೆಗೆ ನೂರು ರೂಪಾಯಿ ಕರವಿದ್ದು, ಎರಡು ಸಾವಿರ ಆದಾಯ ಬಂದ ವರ್ಷ ಅದು ಶೇ 5. ಕಾಲುವೆಗೆ ನೀರು ಬಾರದೆ ಐನೂರೇ ಬಂದ ವರ್ಷ ಅದೇ ನೂರು ರೂಪಾಯಿ ಶೇ 20 ಆಗುತ್ತದೆ. ಕರದ ಮೊತ್ತ ಏರಲಿಲ್ಲ, ಹೊರೆ ನಾಲ್ಕು ಪಟ್ಟಾಯಿತು. ಸಾಲದ ಕಂತು, ಅಂಗಡಿ ಬಾಡಿಗೆ, ಶಾಲೆಯ ಫೀ ಎಲ್ಲವೂ ಇದೇ ಜಾತಿಯವು.

ಬೆಳೆ ವಿಮೆಗೆ ಬಂದರೆ ಶೇಕಡಾ ಲೆಕ್ಕ ಮೂರು ಕಡೆ ಬರುತ್ತದೆ, ಮೂರಕ್ಕೂ ಬುನಾದಿ ಬೇರೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತರು ಕಟ್ಟುವ ಕಂತು ಮುಂಗಾರಿನ ಧಾನ್ಯ, ಬೇಳೆಕಾಳು, ಎಣ್ಣೆಕಾಳಿಗೆ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ 5. ಎರೆಹೊಲದ ಹೆಸರಿಗೆ ಶೇ 2 ಇದ್ದರೆ ಪಕ್ಕದ ಹೊಲದ ಉಳ್ಳಾಗಡ್ಡಿಗೆ ಶೇ 5 ಇರುವುದು ಇದೇ ಕಾರಣಕ್ಕೆ. ಈ ಶೇಕಡಾ ನಿಮ್ಮ ಬೆಳೆಯ ಬೆಲೆಯ ಮೇಲಲ್ಲ, ಸರ್ಕಾರ ಆ ಬೆಳೆಗೆ ಹೆಕ್ಟೇರಿಗೆ ಇಷ್ಟು ಎಂದು ಗೊತ್ತುಪಡಿಸಿದ ವಿಮಾ ಮೊತ್ತದ ಮೇಲೆ. ಲೆಕ್ಕಕ್ಕೆಂದು ಅದನ್ನು 30,000 ಎಂದು ಇಟ್ಟುಕೊಂಡರೆ ಹೆಸರಿನ ಕಂತು 600 ರೂಪಾಯಿ.

ಉಳಿದ ಎರಡು ಶೇಕಡಾ ಬರುವುದು ಪರಿಹಾರ ಎಷ್ಟು ಎಂಬ ಲೆಕ್ಕದಲ್ಲಿ. ಮುಖ್ಯ ಬೆಳೆಗಳಿಗೆ ವಿಮೆಯ ಘಟಕ ಗ್ರಾಮ ಪಂಚಾಯಿತಿ. ಆ ಪಂಚಾಯಿತಿಯಲ್ಲಿ ಕಳೆದ ಏಳು ವರ್ಷ ಬಂದ ಇಳುವರಿಯಲ್ಲಿ ಚೆನ್ನಾಗಿದ್ದ ಐದು ವರ್ಷಗಳ ಸರಾಸರಿಯನ್ನು ತೆಗೆಯುತ್ತಾರೆ. ಮತ್ತೆ ಕಾಲ್ಪನಿಕ ಅಂಕಿಗಳೇ: ಹೆಕ್ಟೇರಿಗೆ 520, 180, 610, 450, 90, 480, 440 ಕಿಲೊ ಬಂದಿತ್ತು ಎನ್ನಿ. 180 ಮತ್ತು 90ರ ಎರಡು ಕೆಟ್ಟ ವರ್ಷಗಳನ್ನು ಕೈಬಿಟ್ಟರೆ ಉಳಿದ ಐದರ ಸರಾಸರಿ 500 ಕಿಲೊ. ಇದರ ಮೇಲೆ ‘ನಷ್ಟಭರ್ತಿ ಮಟ್ಟ’ ಎಂಬ ಇನ್ನೊಂದು ಶೇಕಡಾ ಬೀಳುತ್ತದೆ. ಅದು 70, 80 ಅಥವಾ 90 ಇರುತ್ತದೆ. ಶೇ 80 ಎಂದು ಹಿಡಿದರೆ 400 ಕಿಲೊ. ಇದೇ ಪ್ರಾರಂಭಿಕ ಇಳುವರಿ, ಅಂದರೆ ಪರಿಹಾರದ ಗೆರೆ. ಈ ವರ್ಷ ಪಂಚಾಯಿತಿಯ ಕೆಲವು ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ನೋಡಿದಾಗ ಸರಾಸರಿ 100 ಕಿಲೊ ಬಂತೆಂದರೆ ಕೊರತೆ 300 ಕಿಲೊ. ಆ 300, ಗೆರೆಯ 400ರಲ್ಲಿ ಶೇ 75. ವಿಮಾ ಮೊತ್ತದ ಶೇ 75 ಎಂದರೆ ಹೆಕ್ಟೇರಿಗೆ 22,500 ರೂಪಾಯಿ.

ಈಗ ತಹಶೀಲ್ದಾರ್ ಕಚೇರಿಯ ಮುಂದೆ ಪ್ರತಿವರ್ಷ ಕೇಳಿಬರುವ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ‘ನನ್ನ ಹೊಲದಾಗ ಒಂದು ಕಾಳೂ ಬಂದಿಲ್ಲ, ಪೂರ್ತಿ ದುಡ್ಡು ಯಾಕ ಬರಲಿಲ್ಲ?’ ಎಂದರೆ, ಲೆಕ್ಕಕ್ಕೆ ಹಿಡಿದದ್ದು ನಿಮ್ಮ ಹೊಲವನ್ನಲ್ಲ, ಪಂಚಾಯಿತಿಯ ಸರಾಸರಿಯನ್ನು. ಬಾವಿಯ ನೀರು ಹಾಯಿಸಿ ಮುನ್ನೂರು ಕಿಲೊ ತೆಗೆದ ಪಕ್ಕದ ಹೊಲದವರಿಗೂ ಅದೇ ಶೇ 75 ಸಿಗುತ್ತದೆ. ಪಕ್ಕದ ಪಂಚಾಯಿತಿಯಲ್ಲಿ ಸರಾಸರಿ 410 ಕಿಲೊ ಬಂದಿದ್ದರೆ ಅಲ್ಲಿ ಯಾರಿಗೂ ಏನೂ ಸಿಗುವುದಿಲ್ಲ, ಐನೂರಕ್ಕೆ ಹೋಲಿಸಿದರೆ ಅದು ಶೇ 18ರ ನಷ್ಟವಾದರೂ. ಈ ಪದ್ಧತಿ ನ್ಯಾಯವೇ ಎಂಬ ಚರ್ಚೆಗೆ ಸಾಕಷ್ಟು ಜಾಗವಿದೆ. ನನಗಂತೂ ಪಂಚಾಯಿತಿಯ ಸರಾಸರಿ ಎಂಬುದು ಬರಿ ಮಳೆಯನ್ನೇ ನಂಬಿದ ಹೊಲಗಳಿಗೆ ಅನ್ಯಾಯ ಮಾಡುತ್ತದೆ ಎನಿಸುತ್ತದೆ. ಆದರೆ ಯಾವುದರ ಬಗ್ಗೆ ಜಗಳವಾಡಬೇಕು ಎಂಬುದು ಗೊತ್ತಿದ್ದರೆ ಜಗಳ ಗಟ್ಟಿಯಾಗುತ್ತದೆ. ಕಟಾವು ಪ್ರಯೋಗ ಯಾವ ಹೊಲದಲ್ಲಿ, ಯಾವಾಗ ನಡೆಯುತ್ತದೆ ಎಂದು ಮೊದಲೇ ವಿಚಾರಿಸಿ ಅಲ್ಲಿ ನಿಂತು ನೋಡುವುದು, ಆಮೇಲೆ ಕಚೇರಿಯ ಮುಂದೆ ಕೂರುವುದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಬೆಂಬಲ ಬೆಲೆಯ ‘ಶೇ 50 ಲಾಭ’ವೂ ಬುನಾದಿಯ ಜಗಳವೇ. 2025–26ರ ಮುಂಗಾರಿಗೆ ಹೆಸರಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ. ಕೇಂದ್ರ ಸರ್ಕಾರ ಹಿಡಿದ ಉತ್ಪಾದನಾ ವೆಚ್ಚ 5,845. ಅದರ ಒಂದೂವರೆ ಪಟ್ಟು ಸರಿಯಾಗಿ 8,768ಕ್ಕೆ ಬರುತ್ತದೆ, ಶೇ 50 ಲಾಭ ಎಂಬ ಮಾತಿನಲ್ಲಿ ತಪ್ಪಿಲ್ಲ. ಆದರೆ ಆ ವೆಚ್ಚದಲ್ಲಿ ಬೀಜ, ಗೊಬ್ಬರ, ಕೂಲಿಯಂಥ ಕೈಯಿಂದ ಕೊಟ್ಟ ಖರ್ಚು ಮತ್ತು ಮನೆಯವರ ದುಡಿಮೆಯ ಬೆಲೆ ಮಾತ್ರ ಸೇರಿದೆ. ಸ್ವಂತ ಹೊಲಕ್ಕೆ ಬರಬಹುದಾಗಿದ್ದ ಲಾವಣಿ, ಸ್ವಂತ ಬಂಡವಾಳದ ಬಡ್ಡಿ ಇವುಗಳನ್ನೂ ಸೇರಿಸಿದ ಸಮಗ್ರ ವೆಚ್ಚದ ಮೇಲೆ ಶೇ 50 ಕೊಡಿ ಎಂಬುದು ಎಂ.ಎಸ್. ಸ್ವಾಮಿನಾಥನ್ ಆಯೋಗದ ಹೆಸರಿನಲ್ಲಿ ರೈತ ಸಂಘಟನೆಗಳು ಕೇಳುತ್ತಿರುವುದು. ಇಬ್ಬರ ಬಾಯಲ್ಲೂ ಐವತ್ತೇ ಇದೆ, ಐವತ್ತು ಬೀಳುವ ನೂರು ಮಾತ್ರ ಬೇರೆ. ಇನ್ನೊಂದು ಸಣ್ಣ ಸಂಗತಿ: ಹಿಂದಿನ ವರ್ಷದ 8,682ಕ್ಕೆ ಹೋಲಿಸಿದರೆ ಏರಿಕೆ 86 ರೂಪಾಯಿ. ನೂರಕ್ಕೆ ಒಂದು ರೂಪಾಯಿಯೂ ಪೂರ್ತಿ ಅಲ್ಲ. ರಿಸರ್ವ್ ಬ್ಯಾಂಕಿಗೆ ಕೊಟ್ಟಿರುವ ಬೆಲೆಯೇರಿಕೆಯ ಗುರಿಯೇ ಶೇ 4. ಮನೆಖರ್ಚು ಅದರಂತೆ ನಾಲ್ಕು ಏರಿ ಬೆಳೆಯ ಬೆಲೆ ಒಂದು ಏರಿದರೆ ಬೆಲೆ ಇಳಿದಂತೆಯೇ ಲೆಕ್ಕ.

ಏರಿಳಿತದ ಶೇಕಡಾಗಳನ್ನು ಕೂಡಿಸಿ ಕಳೆಯಲು ಬರುವುದಿಲ್ಲ. ಕ್ವಿಂಟಲ್‌ಗೆ ಎರಡು ಸಾವಿರವಿದ್ದ ಉಳ್ಳಾಗಡ್ಡಿ ಶೇ 50 ಇಳಿದರೆ ಒಂದು ಸಾವಿರ. ಅದು ಮತ್ತೆ ಶೇ 50 ಏರಿದರೆ ಮುಟ್ಟುವುದು ಒಂದೂವರೆ ಸಾವಿರವನ್ನಷ್ಟೇ, ಏಕೆಂದರೆ ಏರುವಾಗ ನೂರೆಂದು ಹಿಡಿದದ್ದು ಇಳಿದ ಬೆಲೆಯನ್ನು. ಮೊದಲಿನ ಜಾಗಕ್ಕೆ ಬರಲು ಅದು ಶೇ 100 ಏರಬೇಕು. ಸೀರೆ ಅಂಗಡಿಯ ‘ಶೇ 20 ರಿಯಾಯಿತಿ, ಮೇಲೆ ಶೇ 10’ ಕೂಡ ಶೇ 30 ಆಗುವುದಿಲ್ಲ, 28 ಆಗುತ್ತದೆ.

ಗಜೇಂದ್ರಗಡದ ನೇಕಾರರ ಮನೆಯಲ್ಲಿ ಇದಕ್ಕೆ ಇನ್ನೊಂದು ರೂಪವಿದೆ. ನೂಲಿನ ದರ ಶೇ 10 ಏರಿದೆ, ಆದ್ದರಿಂದ ಸೀರೆಯ ಬೆಲೆಯೂ ಶೇ 10 ಏರಬೇಕು, ಮಜೂರಿ ಹೆಚ್ಚಿಸಲು ಆಗದು ಎಂಬ ವಾದ ಬರುತ್ತದೆ ಎನ್ನಿ. ಸಾವಿರ ರೂಪಾಯಿ ತಗಲುವ ಸೀರೆಯಲ್ಲಿ ನೂಲು 500, ಮಜೂರಿ 300, ಇತರೆ 200 ಇದ್ದರೆ ನೂಲಿನ ಶೇ 10 ಎಂದರೆ 50 ರೂಪಾಯಿ. ಸೀರೆಯ ಲೆಕ್ಕದಲ್ಲಿ ಅದು ಶೇ 5. ಬೆಲೆಯನ್ನು ನಿಜವಾಗಿಯೂ ಶೇ 10 ಏರಿಸಿದರೆ ಇನ್ನೂ 50 ರೂಪಾಯಿ ಉಳಿಯಿತು. ಅದು ಮಜೂರಿಗೆ ಸೇರಿದರೆ ನೇಕಾರರಿಗೆ ಶೇ 16ಕ್ಕೂ ಹೆಚ್ಚು ಏರಿಕೆ.

ಮದುವೆಯ ಹಂಗಾಮಿನಲ್ಲಿ ಬಂಗಾರದ ಲೆಕ್ಕ ತಪ್ಪುವಂತಿಲ್ಲ. 916 ಮುದ್ರೆ ಎಂದರೆ ಸಾವಿರ ಭಾಗದಲ್ಲಿ 916 ಭಾಗ ಶುದ್ಧ ಬಂಗಾರ, ಶೇ 91.6. ರೂಢಿಯಲ್ಲಿ ಒಂದು ತೊಲಿ ಎನ್ನುವ ಹತ್ತು ಗ್ರಾಂ 22 ಕ್ಯಾರೆಟ್ ಬಂಗಾರಕ್ಕೆ ಲೆಕ್ಕದ ಸಲುವಾಗಿ ಒಂದು ಲಕ್ಷ ಎನ್ನೋಣ. ಅದರ ಮೇಲೆ ಶೇ 12 ಮಜೂರಿ, 12,000. ಒಟ್ಟು 1,12,000ದ ಮೇಲೆ ಶೇ 3 ಜಿಎಸ್‌ಟಿ, 3,360. ಕೈಯಿಂದ ಹೋದದ್ದು 1,15,360. ಮರುದಿನವೇ ಮಾರಲು ಹೋದರೆ ಬಂಗಾರದ ಬೆಲೆ ಮಾತ್ರ ಸಿಗುತ್ತದೆ, ಮಜೂರಿಯೂ ತೆರಿಗೆಯೂ ಹಿಂದಿರುಗುವುದಿಲ್ಲ. ಬಂಗಾರದ ದರ ಶೇ 15ಕ್ಕಿಂತ ಹೆಚ್ಚು ಏರಿದ ಮೇಲೆಯೇ ಹಾಕಿದ ಹಣ ಕೂಡುತ್ತದೆ. ಆಭರಣ ತೊಡುವುದಕ್ಕೆಂದು ಕೊಳ್ಳುವವರಿಗೆ ಇದು ತೊಂದರೆಯಲ್ಲ. ಉಳಿತಾಯ ಎಂದು ಕೊಳ್ಳುವವರು ಮಜೂರಿಯ ಶೇಕಡಾವನ್ನು ಚೌಕಾಸಿ ಮಾಡದೆ ಬಿಡಬಾರದು. ಒತ್ತೆ ಇಟ್ಟಾಗಲೂ ಸಾಲ ಸಿಗುವುದು ಬಂಗಾರದ ಬೆಲೆಯ ಇಂತಿಷ್ಟು ಶೇಕಡಾ ಮಾತ್ರ, ಹರಳಿಗೂ ಕುಸುರಿಗೂ ಬೆಲೆ ಕಟ್ಟುವುದಿಲ್ಲ.

ಇನ್ನು ಒಂದು ಮನೆ ಎಷ್ಟು ಸಾಲವನ್ನು ತಾಳಬಲ್ಲದು? 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಒತ್ತೆ ಇಲ್ಲದೆ ಕೊಡುವುದು ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತುಗಳೂ ಸೇರಿ ತಿಂಗಳ ಆದಾಯದ ಶೇ 50ನ್ನು ಮೀರಬಾರದು. ವರ್ಷಕ್ಕೆ 1,80,000 ಆದಾಯವಿದ್ದರೆ ತಿಂಗಳಿಗೆ 15,000, ಕಂತಿನ ಮಿತಿ 7,500. ಕಾಗದದ ಮೇಲೆ ಸರಿಯಾಗಿದೆ. ಆದರೆ ನಮ್ಮ ಕಡೆ ಒಕ್ಕಲುತನದ ಮನೆಗೆ ತಿಂಗಳ ಆದಾಯ ಎಂಬುದೇ ಇಲ್ಲ. ಹೆಸರು ಮಾರಿದಾಗ ಒಮ್ಮೆ, ಕಡಲೆ ಮಾರಿದಾಗ ಒಮ್ಮೆ ಹಣ ಬರುತ್ತದೆ. ಕಂತು ಮಾತ್ರ ವಾರವಾರ ಬರುತ್ತದೆ. ಆಷಾಢದಲ್ಲಿ ಆದಾಯ ಸೊನ್ನೆಯಿರುವ ವಾರದ ಕಂತು ಎಷ್ಟು ಶೇಕಡಾ ಎಂದು ಕೇಳಿದರೆ ಗಣಿತದಲ್ಲಿ ಉತ್ತರವೇ ಇಲ್ಲ. ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ತೆಗೆಯುವ ಸರಪಳಿ ಶುರುವಾಗುವುದು ಇಂಥ ವಾರಗಳಲ್ಲೇ. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದು ಬೇಕಾಗಿತ್ತು. ಆದರೆ ಅದು ಕಿರುಕುಳಕ್ಕೆ ಮದ್ದು, ಕಂತಿಗೂ ಸುಗ್ಗಿಗೂ ತಾಳಮೇಳವಿಲ್ಲದ್ದಕ್ಕೆ ಅಲ್ಲ. ಒಕ್ಕಲು ಕುಟುಂಬಗಳಿಗೆ ಕೊಡುವ ಕಿರುಸಾಲದ ಕಂತನ್ನು ಸುಗ್ಗಿಗೆ ಹೊಂದಿಸಬೇಕು ಎಂಬುದು ನನ್ನ ಅಭಿಪ್ರಾಯ. ಬೆಳೆಸಾಲಕ್ಕೆ ಸಾಧ್ಯವಾದದ್ದು ಇದಕ್ಕೂ ಸಾಧ್ಯ.

ಅಲ್ಲಿಯವರೆಗೆ ಕೈಯಲ್ಲಿರುವ ಸಾಧನವನ್ನು ಬಳಸಿಕೊಳ್ಳಬೇಕು. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಜನಸಾಮಾನ್ಯರಿಗೆ ಕೊಡುವ ಸಾಲಗಳಿಗೆ ‘ಮುಖ್ಯ ಸಂಗತಿಗಳ ವಿವರಪತ್ರ’ ಕೊಡುವುದು ಕಡ್ಡಾಯ. ಕಿರುಸಾಲಕ್ಕೆ ಅಂಥ ಹಾಳೆ ಅದಕ್ಕೂ ಮೊದಲೇ ಕಡ್ಡಾಯವಾಗಿತ್ತು. ಬಡ್ಡಿ, ಸಂಸ್ಕರಣಾ ಶುಲ್ಕ, ವಿಮೆಯ ಕಂತು ಎಲ್ಲವನ್ನೂ ಸೇರಿಸಿ, ಇಳಿಕೆ ಬಾಕಿಯ ಮೇಲೆ ಲೆಕ್ಕ ಹಾಕಿದ ವರ್ಷದ ಒಟ್ಟು ದರ ಅದರಲ್ಲಿ ಒಂದೇ ಅಂಕಿಯಾಗಿ ನಮೂದಾಗಿರುತ್ತದೆ. ಬುನಾದಿಯನ್ನೂ ಅವಧಿಯನ್ನೂ ಅವರೇ ಸರಿಪಡಿಸಿ ಕೊಟ್ಟ ಅಂಕಿ ಅದು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಅದನ್ನು ಬರೆದುಕೊಡಬೇಕು ಎಂದೂ ನಿಯಮದಲ್ಲಿದೆ. ಸಹಿ ಹಾಕುವ ಮೊದಲು ಆ ಹಾಳೆಯನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಒಂದು ದಿನ ಮನೆಯಲ್ಲಿಟ್ಟುಕೊಂಡು, ಲೆಕ್ಕ ಬಲ್ಲ ಮಕ್ಕಳ ಕೈಯಲ್ಲಿ ಓದಿಸಿ. ಕೊಡಲು ಹಿಂದೇಟು ಹಾಕಿದರೆ ಬೇರೆ ಕಡೆ ಸಾಲ ಕೇಳಿ.